ಐಎಸ್‌ಡಿಎನ್ ಬ್ಯಾಕಪ್ ಲೈನಿಗೆ ಯಾವ ಎನ್‌ಕ್ಯಾಪ್ಸುಲೇಶನ್ ಇಡೂಣು? ಎಚ್‌ಡಿಎಲ್‌ಸಿನೋ ಪಿಪಿಪಿನೋ?

ನವನಗರದಾಂವ, ಬಾಗಲಕೋಟಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಒಂದು ಪತ್ತಿನ ಸಹಕಾರಿ ಸಂಘದಾಗ ಕಂಪ್ಯೂಟರ್ ಕಡೆ ನೋಡ್ಕೋತೀನಿ. ಹೆಡ್ ಆಫೀಸ್ ಇಲ್ಲೇ ನವನಗರದಾಗ, ಶಾಖಾ ಮುಧೋಳ, ಜಮಖಂಡಿ, ಇಳಕಲ್ಲದಾಗ ಅದಾವ. ಮೂರೂ ಕಡೆ 64 ಕೆಬಿಪಿಎಸ್ ಲೀಸ್ಡ್ ಲೈನ್ (ಯಾವಾಗ್ಲೂ ಕೂಡಿರೋ ಬಾಡಿಗಿ ಲೈನ್) ಐತಿ, ಆದ್ರ ರಸ್ತೆ ಅಗಿಯೋ ಕೆಲಸ ಶುರು ಆತಂದ್ರ ಜೆಸಿಬಿ ಕೇಬಲ್ ಹರದು ಲೈನ್ ಹೊಕ್ಕೈತಿ. ಸಂಜಿಮುಂದ ಪಿಗ್ಮಿ ಏಜೆಂಟ್ರು ಬಂದು ಕಲೆಕ್ಷನ್ ಹಾಕೋ ಹೊತ್ತಿಗೇ ಹಿಂಗಾದ್ರ ಎಲ್ಲಾರೂ ಕೌಂಟರ್ ಮುಂದ ನಿಂತಿರ್ತಾರ, ನಾವು ಚೀಟಿ ಮ್ಯಾಲ ಬರಕೊಂಡು ಮರುದಿನ ಎಂಟ್ರಿ ಮಾಡಬೇಕು, ಲೆಕ್ಕ ಕೂಡಿಸೂದ್ರಾಗ ಸಾಕಾಗ್ತೈತಿ.

ಅದಕ್ಕ ಬ್ಯಾಕಪ್ ಅಂತ ನಾಲ್ಕೂ ಕಡೆ ಒಂದೊಂದು ಐಎಸ್‌ಡಿಎನ್ ಬಿಆರ್‌ಐ, ಅಂದ್ರ ಬೇಕಾದಾಗ ಡಯಲ್ ಮಾಡಿ ಡೇಟಾ ಕಳಸೋ ಡಿಜಿಟಲ್ ಫೋನ್ ಲೈನ್, ತಗೊಂಡೀವಿ. ಹೆಡ್ ಆಫೀಸ್, ಜಮಖಂಡಿ, ಇಳಕಲ್ಲ ಮೂರೂ ಸಿಸ್ಕೋ. ಮುಧೋಳದ್ದು ಬ್ಯಾರೆ ಕಂಪನಿ ರೌಟರ್, ಹಳೇದು ಇತ್ತು ಅದನ್ನ ಬಳಸಾಕತ್ತೀವಿ. ಲೈನ್ ಬಂದೈತಿ, ಲೈನ್ ಬಂದು ಕೂಡೋ ಎನ್‌ಟಿ1 ಡಬ್ಬಿ ಗ್ವಾಡಿಗೆ ಹಾಕಿ ಹೋಗ್ಯಾರ. ಈಗ ಪ್ರಶ್ನೆ ಏನಂದ್ರ ಎನ್‌ಕ್ಯಾಪ್ಸುಲೇಶನ್, ಅಂದ್ರ ಲೈನ್ ಮ್ಯಾಲ ಡೇಟಾ ಕಟ್ಟಿ ಕಳಸೋ ಪದ್ಧತಿ, ಯಾವುದು ಇಡೂದು? ಸಿಸ್ಕೋದಾಗ ಏನೂ ಬರೀದಿದ್ರ ಎಚ್‌ಡಿಎಲ್‌ಸಿ ತಾನ ಬರ್ತೈತಿ, ಲೀಸ್ಡ್ ಲೈನ್ ಮ್ಯಾಲೂ ಅದ ನಡದೈತಿ. ಮೆನ್ಯೂದಾಗ ಪಿಪಿಪಿ, ಎಲ್‌ಎಪಿಬಿ, ಫ್ರೇಮ್ ರಿಲೇ, ಎಕ್ಸ್.25 ಅಂತ ಇನ್ನೂ ಕಾಣ್ತಾವ. ಯಾವುದು ಯಾಕ ಅನ್ನೂದನ್ನ ಬಿಡಿಸಿ ಹೇಳ್ರಿ, ಸುಮ್ನ ಇದನ್ನ ಹಾಕು ಅಂದ್ರ ನಾಳೆ ಕೆಟ್ಟಾಗ ನನಗ ತಿಳಿಯೂದಿಲ್ಲ.

ತಿಳಕವಾಡಿ ವೈರ್, ಬೆಳಗಾವಿ

ಎಚ್‌ಡಿಎಲ್‌ಸಿನ ಇರ್ಲಿ ಬಿಡ್ರಿ. ಡೀಫಾಲ್ಟ್ ಐತಿ, ಕಾನ್ಫಿಗ್ ಬರಿಯೋ ಗದ್ಲ ಇಲ್ಲ, ಎರಡೂ ರೌಟರ್ ಮೊದಲ ಮಾತಾಡಿ ಒಪ್ಕೊಳ್ಳೋ ನೆಗೋಶಿಯೇಶನ್ ಅಂತ ಟೈಮ್ ಹೋಗೂದಿಲ್ಲ, ಹಗುರ ಐತಿ. ನಿಮ್ದು 64 ಕೆ ಲೈನ್, ಅದರಾಗ ಪಿಪಿಪಿ ಭಾರ ಯಾಕ ಹೊರಿಸ್ತೀರಿ? ಮುಧೋಳಕ್ಕ ಒಂದು ಸಿಸ್ಕೋ ಸೆಕೆಂಡ್ ಹ್ಯಾಂಡ್ ತಗೊಳ್ರಿ, ಮುಗೀತು. ಇಲ್ಲಿ ಉದ್ಯಮಬಾಗದಾಗ ಫ್ಯಾಕ್ಟರಿಗೆ ಹಾಕಿಕೊಟ್ಟ ಲೀಸ್ಡ್ ಲೈನ್ ಎಲ್ಲಾ ಎಚ್‌ಡಿಎಲ್‌ಸಿ ಮ್ಯಾಲೇ ನಡದಾವ, ಒಂದಿನಾ ತಕರಾರು ಬಂದಿಲ್ಲ.

ಗೋಳಗುಮ್ಮಟ, ವಿಜಯಪುರ

ತಿಳಕವಾಡಿ ಅಣ್ಣಾರ, ಲೀಸ್ಡ್ ಲೈನ್ ಬಗ್ಗೆ ನೀವು ಹೇಳಿದ್ದು ಖರೇ ಅದ, ಆದ್ರ ಇವರು ಕೇಳಿದ್ದು ಡಯಲ್ ಲೈನಿಂದು. ಎರಡಕ್ಕೂ ಭಾಳ ಫರಕ್ ಅದ. ಲೀಸ್ಡ್ ಲೈನ್ ಅಂದ್ರ ಮನಿ ಒಳಗಿನ ಬಾಗಲಾ ಇದ್ಧಂಗ, ಆ ಕಡೆ ಯಾರಿದ್ದಾರ ಅಂತ ಗೊತ್ತಿರ್ತದ. ಐಎಸ್‌ಡಿಎನ್ ಬೀದಿ ಬಾಗಲಾ, ನಂಬರ್ ಗೊತ್ತಿದ್ದಾಂವ ಯಾವನರೆ ಬಂದು ಬಡೀಬಹುದು. ಸಹಕಾರಿ ಸಂಘದ ಖಾತೆ ಎಲ್ಲಾ ಆ ಸರ್ವರ್‌ದಾಗ ಅವ, ಪಿಗ್ಮಿ ರೊಕ್ಕ ಅಂದ್ರ ದಿನಾ ದುಡದು ತಿನ್ನೋರ ರೊಕ್ಕ. ಬಂದಾಂವ ಯಾರು ಅಂತ ಕೇಳ್ಲಾರದ ಒಳಗ ಬಿಡೋ ಪ್ರೋಟೋಕಾಲ್ ಅಲ್ಲಿ ಇಡಬಾರದು. ಎಚ್‌ಡಿಎಲ್‌ಸಿಗೆ ಕೇಳ್ಲಿಕ್ಕೇ ಬರೂದಿಲ್ಲ, ಅದರಾಗ ಅಥೆಂಟಿಕೇಶನ್ ಅನ್ನೋ ಮಾತೇ ಇಲ್ಲ. ಪಿಪಿಪಿದಾಗ ಅದಕ್ಕ ಪ್ಯಾಪ್, ಚಾಪ್ ಅಂತ ಎರಡು ಪದ್ಧತಿ ಅವ.

ಅದರಾಗೂ ಚಾಪ್‌ನ ಇಡ್ರಿ. ಪ್ಯಾಪ್‌ದಾಗ ಹೆಸರು ಪಾಸ್‌ವರ್ಡ್ ಹ್ಯಾಂಗ ಬರದೀವೋ ಹಂಗೇ ಲೈನ್ ಮ್ಯಾಲ ಹೋಗ್ತಾವ. ಚಾಪ್‌ದಾಗ ಮೊದಲ ಈ ಕಡೆ ರೌಟರ್ ಒಂದು ಚಾಲೆಂಜ್ ಕಳಸ್ತದ, ಆ ಕಡೆದ್ದು ಅದನ್ನ ತನ್ನ ಪಾಸ್‌ವರ್ಡ್ ಜೋಡಿ ಎಂಡಿ5 ಅನ್ನೋ ಲೆಕ್ಕದ ಒಳಗ ಹಾಕಿ ಬಂದ ಉತ್ತರ ವಾಪಸ್ ಕಳಸ್ತದ, ಈ ಕಡೆ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡಿ ಹೌದು ಇಲ್ಲಾ ಅಂತದ. ಪಾಸ್‌ವರ್ಡ್ ಲೈನ್ ಮ್ಯಾಲ ಹೋಗೂದೇ ಇಲ್ಲ. ಚಾಲೆಂಜ್ ಪ್ರತಿ ಸಲಾ ಬ್ಯಾರೆ ಇರೂದ್ರಿಂದ ಹಳೇ ಉತ್ತರ ಹಿಡದಿಟ್ಟು ಮತ್ತ ಕಳಿಸಿದ್ರೂ ಉಪಯೋಗ ಇಲ್ಲ. 1996ರಾಗ ಆರ್‌ಎಫ್‌ಸಿ 1994 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಾಗಿ ಇದು ಬಂದದ.

ಎರಡನೇದು ಮುಧೋಳ. ಮೂಲ ಐಎಸ್‌ಓ ಎಚ್‌ಡಿಎಲ್‌ಸಿ ಫ್ರೇಮ್‌ದಾಗ ಒಳಗ ಯಾವ ಪ್ರೋಟೋಕಾಲ್ ಅದ ಅಂತ ಹೇಳೋ ಫೀಲ್ಡೇ ಇಲ್ಲ, ಅದಕ್ಕ ಸಿಸ್ಕೋದವರು ತಮ್ಮದೇ ಎರಡು ಬೈಟಿನ ಟೈಪ್ ಫೀಲ್ಡ್ ಸೇರಿಸ್ಯಾರ. ಬ್ಯಾರೆಯವರೂ ತಮತಮಗ ತಿಳದಂಗ ಮಾಡ್ಯಾರ. ಕೆಲವು ಕಂಪನಿ ರೌಟರ್ ಸಿಸ್ಕೋ ಎಚ್‌ಡಿಎಲ್‌ಸಿ ಮಾತಾಡ್ತಾವ, ಭಾಳಷ್ಟು ಮಾತಾಡೂದಿಲ್ಲ. ಪಿಪಿಪಿ ಹಂಗಲ್ಲ, 1994ರ ಆರ್‌ಎಫ್‌ಸಿ 1661, ಐಎಸ್‌ಡಿಎನ್ ಮ್ಯಾಲ ಅದನ್ನ ಹ್ಯಾಂಗ ಓಡಿಸಬೇಕು ಅಂತ ಅದೇ ವರ್ಷದ 1618, ಎಲ್ಲಾರೂ ಅದನ್ನ ನೋಡಿಯೇ ಬರದಾರ. ಅದಕ್ಕಂತ ಹೊಸಾ ರೌಟರ್ ಕೊಳ್ಳೋ ರೊಕ್ಕ ಯಾಕ ಹಾಕ್ತೀರಿ?

ಸಿಂದಗಿ ಹುಡುಗ

ಸರ್, ನಾ ಡಿಪ್ಲೊಮಾ ಮಾಡ್ಲಿಕತ್ತೀನಿ. ನಮ್ಮ ಪುಸ್ತಕದಾಗ ಐಎಸ್‌ಡಿಎನ್ ಅಂದ್ರ ಕ್ಯೂ.921 ಅನ್ನೋ ನಿಯಮದ ಎಲ್‌ಎಪಿಡಿ ಪ್ರೋಟೋಕಾಲ್ ಅಂತ ಅದ. ಮತ್ತ ಪಿಪಿಪಿ ಎಲ್ಲಿಂದ ಬಂತು? ಎರಡೂ ಲೇಯರ್ 2, ಅಂದ್ರ ಲಿಂಕ್ ಮಟ್ಟದ್ದು, ಅಲ್ಲೇನ್ರೀ?

ಗೋಳಗುಮ್ಮಟ, ವಿಜಯಪುರ

ಚಲೋ ಕೇಳಿದಿ ತಮ್ಮಾ. ಬಿಆರ್‌ಐ ಅಂದ್ರ ಎರಡು ಬಿ ಚಾನೆಲ್, ಒಂದು ಡಿ ಚಾನೆಲ್. ಬಿ ಒಂದೊಂದು 64 ಕೆ, ಡಿ 16 ಕೆ, ಕೂಡಿ 144. ಎಲ್‌ಎಪಿಡಿ ಮತ್ತ ಅದರ ಮ್ಯಾಲಿನ ಕ್ಯೂ.931 ಎರಡೂ ಡಿ ಚಾನೆಲ್‌ದಾಗ ನಿನ್ನ ರೌಟರಿಗೂ ಎಕ್ಸ್‌ಚೇಂಜಿಗೂ ನಡುವ ನಡಿಯೋ ಮಾತು, ಈ ನಂಬರಿಗೆ ಕಾಲ್ ಹಚ್ಚು, ಇಡು ಅನ್ನೂವು. ಕಾಲ್ ಕೂಡಿದ ಮ್ಯಾಲ ಬಿ ಚಾನೆಲ್ ಸಿಗ್ತದ, ಅದರಾಗ ಈ ಕಡೆ ಹಾಕಿದ ಬಿಟ್ ಹಂಗೇ ಆ ಕಡೆ ಹೋಗ್ತಾವ, ಒಳಗ ಏನದ ಅಂತ ಎಕ್ಸ್‌ಚೇಂಜ್ ನೋಡೂದಿಲ್ಲ. ಆ ಬಿಟ್ ಎಲ್ಲಿ ಶುರು ಎಲ್ಲಿ ಮುಗೀತು, ಒಳಗ ಐಪಿ ಅದನೋ ಮತ್ತೊಂದೋ, ಅನ್ನೂದನ್ನ ಎರಡೂ ತುದಿ ರೌಟರ್ ತಾವೇ ಒಪ್ಕೋಬೇಕು. ಎನ್‌ಕ್ಯಾಪ್ಸುಲೇಶನ್ ಅಂತ ನಾವು ಬರಿಯೋದು ಬರೇ ಬಿ ಚಾನೆಲ್ಲಿಗೆ. ನೀ ಅಲ್ಲಿ ಏನು ಬರದ್ರೂ ಡಿ ಚಾನೆಲ್ ಎಲ್‌ಎಪಿಡಿನೇ ಇರ್ತದ.

ಇನ್ನೊಂದು ನೆನಪಿಡು, ಶೋ ಇಂಟರ್ಫೇಸ್ ಬಿಆರ್‌ಐ 0 ಅಂತ ನೋಡಿದ್ರ ಅಪ್, ಸ್ಪೂಫಿಂಗ್ ಅಂತ ಬರ್ತದ. ಅದು ಡಿ ಚಾನೆಲ್ ಸ್ಥಿತಿ, ಕಾಲ್ ಹತ್ತದ ಅಂತ ಅರ್ಥ ಅಲ್ಲ. ಬಿ ನೋಡಬೇಕಂದ್ರ ಕೊನಿಗೆ 1 2 ಅಂತ ಸೇರಿಸಬೇಕು.

ತಿಳಕವಾಡಿ ವೈರ್, ಬೆಳಗಾವಿ

ಗೋಳಗುಮ್ಮಟ ಸಾಹೇಬ್ರ, ಅಥೆಂಟಿಕೇಶನ್ ಮಾತು ಸರಿ ಐತಿ, ಆದ್ರ ಅದಕ್ಕ ಇನ್ನೊಂದು ದಾರಿ ಐತಲ್ಲ. ಐಎಸ್‌ಡಿಎನ್‌ದಾಗ ಕರಿಯೋ ನಂಬರ್ ಡಿ ಚಾನೆಲ್‌ದಾಗ ಮೊದಲ ಬರ್ತೈತಿ, ಐಎಸ್‌ಡಿಎನ್ ಕಾಲರ್ ಅಂತ ಮೂರು ಶಾಖಾ ನಂಬರ್ ಬರದಿಟ್ರ ಉಳದಾವ್ರ ಕಾಲ್ ಎತ್ತೂದೇ ಇಲ್ಲ, ಎತ್ತದಿದ್ರ ಬಿಲ್ಲೂ ಇಲ್ಲ. ಎಚ್‌ಡಿಎಲ್‌ಸಿ ಜೋಡಿ ಅದನ್ನ ಹಾಕಿದ್ರ ಸಾಕಲ್ಲೇನು? ಹಗುರನೂ ಆತು, ಭದ್ರನೂ ಆತು.

ಗೋಳಗುಮ್ಮಟ, ವಿಜಯಪುರ

ಕಾಲರ್ ನಂಬರ್ ಸೋಸೂದು ಚಲೋನೇ ಅದ, ನಾನೂ ಹಾಕ್ಸ್ತೀನಿ, ಆದ್ರ ಚಾಪ್ ಬಿಟ್ಟು ಅಲ್ಲ, ಚಾಪ್ ಜೋಡಿ. ಯಾಕಂದ್ರ ಆ ನಂಬರ್ ತಂದುಕೊಡೋರು ನಡುವಿನ ಎಕ್ಸ್‌ಚೇಂಜಿನವರು. ಒಂದು ಎಕ್ಸ್‌ಚೇಂಜ್ ಎಸ್‌ಟಿಡಿ ಕೋಡ್ ಹಚ್ಚಿ ಕಳಸ್ತದ, ಇನ್ನೊಂದು ಕೋಡ್ ಬಿಟ್ಟು ಕಳಸ್ತದ, ಕೆಲವೊಮ್ಮೆ ನಂಬರ್ ಬರೂದೇ ಇಲ್ಲ. ಆವಾಗ ನಮ್ಮ ಶಾಖಾದ ಕಾಲ್‌ನೇ ನಾವು ಹೊರಗ ನಿಲ್ಲಿಸಿದಂಗ ಆಗ್ತದ. ಅದಕ್ಕ ನಿಮ್ಮ ಲೈನ್ ಮ್ಯಾಲ ನಂಬರ್ ಹ್ಯಾಂಗ ಬರ್ತದ ಅನ್ನೂದನ್ನ ರೌಟರ್ ಒಳಗಿನ ಮಾತು ತೋರಿಸೋ ಡೀಬಗ್ ಐಎಸ್‌ಡಿಎನ್ ಕ್ಯೂ931ದಾಗ ಕಣ್ಣಿಂದ ನೋಡಿ ಆಮ್ಯಾಲ ಬರೀರಿ.

ಇನ್ನ ಹಗುರ ಅನ್ನೋ ಮಾತು. ಇದನ್ನ ಎಲ್ಲಾರೂ ಹೇಳ್ತಾರ, ಬೈಟ್ ಎಣಿಸಿ ನೋಡೋಣು. ಸಿಸ್ಕೋ ಎಚ್‌ಡಿಎಲ್‌ಸಿದಾಗ ಅಡ್ರೆಸ್ 1 ಬೈಟ್, ಕಂಟ್ರೋಲ್ 1 ಬೈಟ್, ಟೈಪ್ 2 ಬೈಟ್, ಕೂಡಿ 4. ಪಿಪಿಪಿದಾಗ ಅಡ್ರೆಸ್ 1, ಕಂಟ್ರೋಲ್ 1, ಪ್ರೋಟೋಕಾಲ್ 2, ಅದೂ 4. ಹಿಂದಿನ ಚೆಕ್‌ಸಮ್ ಎರಡರಾಗೂ 2 ಬೈಟ್. ಸಮ ಸಮ. ಪಿಪಿಪಿದಾಗ ಎರಡೂ ಕಡೆ ಒಪ್ಪಿದ್ರ ಅಡ್ರೆಸ್ ಕಂಟ್ರೋಲ್ ಬಿಟ್ಟು ಪ್ರೋಟೋಕಾಲ್ ಒಂದೇ ಬೈಟಿಗೆ ಇಳಸ್ಲಿಕ್ಕೂ ಬರ್ತದ, ಅಂದ್ರ 4 ಹೋಗಿ 1. ಹಂಗೇ ನೋಡಿದ್ರ ಅದೇ ಹಗುರ ಆಗ್ತದ. ಮತ್ತ 4 ಬೈಟ್ 64 ಕೆ ಮ್ಯಾಲ ಹೋಗ್ಲಿಕ್ಕ ಅರ್ಧ ಮಿಲಿಸೆಕೆಂಡ್, 1500 ಬೈಟಿನ ಒಂದು ದೊಡ್ಡ ಪ್ಯಾಕೆಟ್ ಹೋಗ್ಲಿಕ್ಕ 187 ಮಿಲಿಸೆಕೆಂಡ್ ಮ್ಯಾಲ. ಹೆಡರ್ ಬಗ್ಗೆ ಜಗಳ ಆಡೋ ಜಾಗಾನೇ ಅಲ್ಲ ಇದು.

ಹೌದು, ಶುರುವಿಗೆ ಪಿಪಿಪಿ ಮಾತುಕತೆ ನಡೀತದ, ಮೊದಲ ಲಿಂಕ್ ಹೊಂದಿಸೋ ಎಲ್‌ಸಿಪಿ, ಆಮ್ಯಾಲ ಚಾಪ್, ಆಮ್ಯಾಲ ಐಪಿ ಹೊಂದಿಸೋ ಐಪಿಸಿಪಿ. ಎಲ್ಲಾ ಸಣ್ಣ ಸಣ್ಣ ಪ್ಯಾಕೆಟ್. ಲೈನ್ ಸರಿ ಇದ್ರ ಕಾಲ್ ಕೂಡಿದ ಮ್ಯಾಲ ಕಣ್ಣು ಮುಚ್ಚಿ ತೆಗಿಯೋದ್ರಾಗ ಮುಗೀತದ. ಲೀಸ್ಡ್ ಲೈನ್ ಬಿದ್ದದ್ದನ್ನ ಗುರುತು ಹಿಡೀಲಿಕ್ಕೇ ಲೈನ್ ಜೀವಂತ ಅದನೋ ಅಂತ ಕೇಳೋ ಕೀಪ್‌ಅಲೈವ್ 10 ಸೆಕೆಂಡಿಗೊಮ್ಮೆ ಹೋಗಿ ಮೂರು ತಪ್ಪಬೇಕು, ಅಂಥಾದ್ರಾಗ ಇದೇನು ದೊಡ್ಡದು.

ತಿಳಕವಾಡಿ ವೈರ್, ಬೆಳಗಾವಿ

ಬೈಟ್ ಲೆಕ್ಕ ಒಪ್ಪಿದೆ. ಆದ್ರ ಲೀಸ್ಡ್ ಲೈನ್ ಮ್ಯಾಲಿನ ಎಚ್‌ಡಿಎಲ್‌ಸಿ ತಗೀಬ್ಯಾಡ್ರಿ, ಎರಡೂ ತುದಿ ಸಿಸ್ಕೋ ಇದ್ದಲ್ಲಿ ಅದು ಚಲೋ ನಡದೈತಿ, ಸುಮ್ನ ಮುಟ್ಟೂದ್ಯಾಕ.

ಗೋಳಗುಮ್ಮಟ, ವಿಜಯಪುರ

ಅದಕ್ಕ ನಂದೂ ಪೂರಾ ಒಪ್ಪಿಗಿ ಅದ. ಲೀಸ್ಡ್ ಲೈನ್ ಕೂಡೋ ಸೀರಿಯಲ್ ಪೋರ್ಟ್ ಮ್ಯಾಲ ಎಚ್‌ಡಿಎಲ್‌ಸಿ, ಬಿಆರ್‌ಐ ಮ್ಯಾಲ ಪಿಪಿಪಿ. ಒಂದೇ ರೌಟರ್‌ದಾಗ ಎರಡೂ ಇರ್ಬಹುದು, ಜಗಳ ಇಲ್ಲ.

ಘಟಪ್ರಭಾ ಕೇಬಲ್, ಗೋಕಾಕ

ನಾ ಲೈನ್ ಕಡೆ ಮನಷ್ಯಾ. ಹಳ್ಳಿ ಕಡೆ ತಾಮ್ರದ ಜೋಡಿ ಭಾಳ ಕಡೆ ಹಳೇವು ಅದಾವ, ಮಳಿಗಾಲದಾಗ ಜಾಯಿಂಟ್‌ದಾಗ ನೀರು ಹೊಕ್ಕು ಎರರ್ ಬರ್ತಾವ. ಎಲ್‌ಎಪಿಬಿ ಅನ್ನೂದು ಕೆಟ್ಟ ಫ್ರೇಮ್ ತಾನ ಗುರುತು ಹಿಡದು ಮತ್ತ ಕಳಸ್ತೈತಿ, ಪಿಪಿಪಿನೂ ಎಚ್‌ಡಿಎಲ್‌ಸಿನೂ ಕೆಟ್ಟದ್ದನ್ನ ಸುಮ್ನ ಬಿಸಾಡ್ತಾವ. ಹಂಗಿದ್ರ ನಮ್ಮ ಕಡೆ ಲೈನಿಗೆ ಎಲ್‌ಎಪಿಬಿನ ಚಲೋ ಅಲ್ಲೇನ್ರೀ?

ಖಾನಾಪುರ ಕಾಡು

ಘಟಪ್ರಭಾ ಅಣ್ಣಾರ, ನೀವಂದದ್ದರಾಗ ಅರ್ಥ ಐತಿ, ಆದ್ರ ಎಲ್‌ಎಪಿಬಿ ಎಕ್ಸ್.25 ಅನ್ನೋ ಹಳೇ ಡೇಟಾ ನೆಟ್‌ವರ್ಕ್ ಕಾಲದ್ದು, ಆವಾಗಿನ ಲೈನ್ ಅಷ್ಟು ಕೆಟ್ಟಿದ್ವು ಅಂತ ಪ್ರತಿ ಫ್ರೇಮಿಗೂ ಲೆಕ್ಕ ಇಡೋ ಪದ್ಧತಿ ಮಾಡಿದ್ರು. ಈಗ ಮ್ಯಾಲ ಟಿಸಿಪಿ ಐತಿ, ಕಳಕೊಂಡದ್ದನ್ನ ಅದು ತಾನ ಮತ್ತ ಕಳಸ್ತೈತಿ. ಕೆಳಗ ಎಲ್‌ಎಪಿಬಿನೂ ಕಳಸಾಕತ್ತಿದ್ರ ಲೈನ್ ಕೆಟ್ಟ ಹೊತ್ತಿನಾಗ ಫ್ರೇಮ್ ತಡಾ ಆಗ್ತಾವ, ತಡಾ ಆತಂದ್ರ ಟಿಸಿಪಿ ಕಳೀತು ಅಂತ ತಿಳದು ತಾನೂ ಇನ್ನೊಮ್ಮೆ ಕಳಸ್ತೈತಿ, 64 ಕೆ ಒಳಗ ಒಂದ ಡೇಟಾ ಎರಡೆರಡು ಸಲ ಓಡ್ಯಾಡ್ತೈತಿ. ಮತ್ತ ಎಲ್‌ಎಪಿಬಿದಾಗೂ ನೀ ಯಾರು ಅಂತ ಕೇಳೋ ವ್ಯವಸ್ಥಾ ಇಲ್ಲ.

ಜೋಡಿ ಅಷ್ಟು ಕೆಟ್ಟಿದ್ರ ಮೊದಲ ಡಿ ಚಾನೆಲ್ಲ ಮ್ಯಾಲ ಏಳೂದಿಲ್ಲ. ಶೋ ಐಎಸ್‌ಡಿಎನ್ ಸ್ಟೇಟಸ್‌ದಾಗ ಲೇಯರ್ 1 ಆಕ್ಟಿವ್, ಲೇಯರ್ 2 ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಶ್ಡ್ ಅಂತ ಗಟ್ಟಿ ನಿಂತಿರಬೇಕು. ಅದು ಬಿದ್ದೆದ್ದು ಮಾಡಾಕತ್ತಿದ್ರ ಎನ್‌ಕ್ಯಾಪ್ಸುಲೇಶನ್ ಬದಲಿ ಮಾಡಿ ಉಪಯೋಗಿಲ್ಲ, ಜಾಯಿಂಟ್ ಬದಲಿ ಮಾಡಿಸ್ಬೇಕು. ಆ ಕೆಲಸ ನಿಮ್ಮಂಥಾ ಲೈನ್ ಬಲ್ಲಾವ್ರ ಕಡಿಂದನ ಆಗೂದು. ನವನಗರ ಅಣ್ಣಾರು ಎಕ್ಸ್‌ಚೇಂಜ್ ಯಾವ ಥರದ್ದು ಅಂತ ರೌಟರಿಗೆ ಹೇಳೋ ಸ್ವಿಚ್ ಟೈಪ್ ಬೇಸಿಕ್ ನೆಟ್3 ಅಂತ ಇಟ್ಟಾರೋ ಇಲ್ಲೋ ಅದನ್ನೂ ನೋಡ್ರಿ, ನಮ್ಮ ದೇಶದಾಗ ಬಿಆರ್‌ಐಗೆ ಅದ.

ಫ್ರೇಮ್ ರಿಲೇ, ಎಕ್ಸ್.25 ಎರಡೂ ನಿಮಗ ಸಂಬಂಧ ಇಲ್ಲ. ಆ ಥರಾ ನೆಟ್‌ವರ್ಕಿಗೆ ಐಎಸ್‌ಡಿಎನ್ ಮುಖಾಂತರ ಹೋಗಿ ಕೂಡೋರು ಇದ್ರ ಅಷ್ಟ ಬೇಕು.

ನವನಗರದಾಂವ, ಬಾಗಲಕೋಟಿ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಪಿಪಿಪಿ, ಚಾಪ್ ಅಂತ ಗಟ್ಟಿ ಆತು. ಇನ್ನೊಂದು ಕೇಳೂದಿತ್ತು, ಪಿಪಿಪಿ ಹಾಕಿದ್ರ ಮಲ್ಟಿಲಿಂಕ್ ಮಾಡಿ ಎರಡೂ ಬಿ ಚಾನೆಲ್ ಕೂಡಿಸಿ 128 ಕೆ ಮಾಡಬಹುದು ಅಂತ ಓದೀನಿ. ಲೀಸ್ಡ್ ಲೈನಿಗಿಂತ ಬ್ಯಾಕಪ್ ಡಬಲ್ ಓಡ್ತೈತಿ ಅಂದ್ರ ನಮ್ಮ ಮ್ಯಾನೇಜರ್ ಸಾಹೇಬ್ರು ಖುಷಿ ಆಗ್ತಾರ. ಹಾಕ್ಲೇನು?

ಇಳಕಲ್ ಸೆರಗು

ಅಣ್ಣಾರ, ತಡೀರಿ. ಮೊದಲ ಒಂದು ಹೇಳ್ರಿ, ಹೆಡ್ ಆಫೀಸ್‌ದಾಗ ಬಿಆರ್‌ಐ ಎಷ್ಟದಾವ? ಮೊದಲ ಪೋಸ್ಟ್‌ದಾಗ ನಾಲ್ಕೂ ಕಡೆ ಒಂದೊಂದು ಅಂದೀರಿ. ಒಂದ ಬಿಆರ್‌ಐ ಅಂದ್ರ ಎರಡ ಬಿ ಚಾನೆಲ್. ಶಾಖಾ ಮೂರು. ನವನಗರದ ಕಡೀನ ಕೇಬಲ್ ಹರೀತಂದ್ರ ಮೂರೂ ಲೀಸ್ಡ್ ಲೈನ್ ಒಟ್ಟಿಗೇ ಬೀಳ್ತಾವ, ಮೂರೂ ಶಾಖಾ ಒಮ್ಮೆಗೇ ಡಯಲ್ ಮಾಡ್ತಾವ, ಎರಡು ಒಳಗ ಬರ್ತಾವ, ಮೂರನೇದಕ್ಕ ಬಿಜಿ ಬರ್ತೈತಿ. ಅದರ ಮ್ಯಾಲ ನೀವು ಮಲ್ಟಿಲಿಂಕ್ ಹಾಕಿದ್ರ ಮೊದಲ ಬಂದ ಶಾಖಾ ಎರಡೂ ಚಾನೆಲ್ ಹಿಡಕೊಂಡು ಕೂತು ಉಳದ ಎರಡೂ ಶಾಖಾ ಹೊರಗ ಉಳೀತಾವ. ನಮ್ಮೂರ ಶಾಖಾದಾಗ ಸಂಜಿಕ ನೇಕಾರ ಮಂದಿ ಪಿಗ್ಮಿ ತುಂಬಾಕ ಬಂದು ನಿಂತಾಗ ಮುಧೋಳದಾಂವ 128 ಕೆ ಓಡಿಸ್ತಿದ್ರ ನಾ ಸುಮ್ನ ಇರೂದಿಲ್ಲ ನೋಡ್ರಿ.

ನವನಗರದಾಂವ, ಬಾಗಲಕೋಟಿ

ಅಕ್ಕಾರ, ಒಂದ ಬಿಆರ್‌ಐ ಐತ್ರಿ. ಹಂಗಾರ ಏನ್ ಮಾಡೂಣು?

ಇಳಕಲ್ ಸೆರಗು

ಹೆಡ್ ಆಫೀಸಿಗೆ ಇನ್ನೊಂದು ಬಿಆರ್‌ಐ ತಗೊಳ್ರಿ, ಎರಡನ್ನೂ ಒಂದ ನಂಬರಿಗೆ ಹಂಟಿಂಗ್ (ಒಂದು ಬಿಜಿ ಇದ್ರ ಕಾಲ್ ಇನ್ನೊಂದಕ್ಕ ಹೋಗೂದು) ಹಾಕಿಕೊಡ್ರಿ ಅಂತ ಲೈನ್ ಕೊಟ್ಟಾವ್ರಿಗೆ ಹೇಳ್ರಿ. ಆವಾಗ ನಾಲ್ಕು ಬಿ ಆತು, ಮೂರು ಶಾಖಾಕ್ಕ ಒಂದೊಂದು ಖಾಯಂ, ಒಂದು ಹೆಚ್ಚಿಗಿ. ಎರಡೂ ಬಿಆರ್‌ಐ ಒಂದ ರೌಟರ್‌ದಾಗ ಇರ್ಲಿ. ಎರಡು ರೌಟರ್‌ದಾಗ ಹಂಚಿದ್ರ ನಾಳೆ ಮಲ್ಟಿಲಿಂಕ್ ಮಾಡೂಣು ಅಂದಾಗ ಒಂದು ಚಾನೆಲ್ ಇದರಾಗ ಇನ್ನೊಂದು ಅದರಾಗ ಬಿದ್ದು ಕೂಡಿಸಾಕ ಮತ್ತೊಂದು ಗದ್ಲ ಆಗ್ತೈತಿ. ಅಲ್ಲೀತನಾ ಮಲ್ಟಿಲಿಂಕ್ ಬಂದ್ ಇಡ್ರಿ. ಪಿಗ್ಮಿ ಎಂಟ್ರಿ, ಬ್ಯಾಲೆನ್ಸ್ ನೋಡೂದು ಎಲ್ಲಾ ಸಣ್ಣ ಸಣ್ಣ ಡೇಟಾ, 64 ಕೆ ಭಾಳ ಆತು. ದಿನದ ಕೊನಿಗೆ ಬ್ಯಾಕಪ್ ಫೈಲ್ ಕಾಪಿ ಮಾಡ್ತೀರಲ್ಲ, ಅದನ್ನ ಐಎಸ್‌ಡಿಎನ್ ಮ್ಯಾಲ ಮಾಡಬ್ಯಾಡ್ರಿ, ಲೀಸ್ಡ್ ಲೈನ್ ಬಂದ ಮ್ಯಾಲ ಮಾಡ್ರಿ.

ಮುಂದ ಮಲ್ಟಿಲಿಂಕ್ ಹಾಕೂದಾದ್ರ ಗರಿಷ್ಠ ಎಷ್ಟು ಲಿಂಕ್ ಅಂತ ಮಿತಿ ಹಾಕಿ, ಡಯಲರ್ ಲೋಡ್ ಥ್ರೆಶೋಲ್ಡ್ ನೋಡಿ ಇಡ್ರಿ. ಅದು 1ರಿಂದ 255ರ ಮ್ಯಾಲ ನಡೀತೈತಿ, 128 ಅಂದ್ರ ಅರ್ಧ ತುಂಬಿದಾಗ ಎರಡನೇ ಕಾಲ್ ಹೋಗ್ತೈತಿ, 1 ಅಂತ ಇಟ್ರ ಶುರುವಿಗೇ ಎರಡೂ ಕಾಲ್ ಹೋಗ್ತಾವ, ಎರಡೂ ಕಾಲಿಗೆ ಬಿಲ್ ಬ್ಯಾರೆ ಬ್ಯಾರೆ.

ಗೋಳಗುಮ್ಮಟ, ವಿಜಯಪುರ

ಅಕ್ಕಾವ್ರ ಮಾತು ಬರೋಬರಿ ಅದ, ಇದನ್ನ ಯಾರೂ ಮೊದಲ ವಿಚಾರ ಮಾಡೂದಿಲ್ಲ, ಲೈನ್ ಬಿದ್ದ ದಿನಾನೇ ಗೊತ್ತಾಗ್ತದ. ಮಲ್ಟಿಲಿಂಕ್ ವಿಷಯಕ್ಕೂ ಪಿಪಿಪಿನೇ ಬೇಕು ಅನ್ನೂದನ್ನ ಸೇರಿಸ್ತೀನಿ. ಆರ್‌ಎಫ್‌ಸಿ 1990 ಪ್ರಕಾರ ಪ್ಯಾಕೆಟ್ ತುಂಡು ಮಾಡಿ ಸೀಕ್ವೆನ್ಸ್ ನಂಬರ್ ಹಚ್ಚಿ ಎರಡೂ ಚಾನೆಲ್‌ದಾಗ ಕಳಿಸಿ ಆ ಕಡೆ ಜೋಡಸ್ತಾರ. ಯಾವ ಎರಡು ಕಾಲ್ ಒಂದೇ ಶಾಖಾದ್ದು ಅನ್ನೂದನ್ನ ಚಾಪ್‌ದಾಗ ಬಂದ ಹೆಸರು ಮತ್ತ ಎಂಡ್‌ಪಾಯಿಂಟ್ ಗುರುತು ನೋಡಿ ಕೂಡಸ್ತದ. ಎಚ್‌ಡಿಎಲ್‌ಸಿದಾಗ ಹೆಸರೂ ಇಲ್ಲ, ನಂಬರೂ ಇಲ್ಲ.

ಶಾಖಾಕ್ಕೊಂದು ಡಯಲರ್ ಇಂಟರ್ಫೇಸ್ ಇಟ್ಟು ಡಯಲರ್ ಪ್ರೊಫೈಲ್ ಮಾಡೋರಿಗೆ ಒಂದು ಮಾತು. ಎನ್‌ಕ್ಯಾಪ್ಸುಲೇಶನ್ ಪಿಪಿಪಿ, ಪಿಪಿಪಿ ಅಥೆಂಟಿಕೇಶನ್ ಚಾಪ್ ಎರಡನ್ನೂ ಡಯಲರ್ ಇಂಟರ್ಫೇಸ್ ಮ್ಯಾಲೂ ಬರೀರಿ, ಕೆಳಗಿನ ಬಿಆರ್‌ಐ ಮ್ಯಾಲೂ ಬರೀರಿ. ಕಾಲ್ ಮೊದಲ ಬಂದು ಬೀಳೋದು ಬಿಆರ್‌ಐ ಮ್ಯಾಲ, ಯಾರು ಅಂತ ಚಾಪ್ ಹೇಳಿದ ಮ್ಯಾಲೇ ಜಮಖಂಡಿನೋ ಇಳಕಲ್ಲೋ ಅಂತ ಸರಿಯಾದ ಡಯಲರಿಗೆ ಕೂಡೋದು. ಬಿಆರ್‌ಐ ಮ್ಯಾಲ ಬರೀಲಿಲ್ಲಂದ್ರ ಅದು ಎಚ್‌ಡಿಎಲ್‌ಸಿ ಅಂತ ಕೂತಿರ್ತದ, ಕಾಲ್ ಕೂಡ್ತದ, ಡೇಟಾ ಹೋಗೂದಿಲ್ಲ. ಡೀಬಗ್ ಪಿಪಿಪಿ ನೆಗೋಶಿಯೇಶನ್ ಹಾಕಿದ್ರ ಪಿಪಿಪಿ ಇರೋ ಕಡೆ ಎಲ್‌ಸಿಪಿ ಟೈಮ್‌ಔಟ್, ರೆಕ್‌ಸೆಂಟ್ ಅಂತ ಒಂದರ ಹಿಂದ ಒಂದು ಬರ್ತಾನೇ ಇರ್ತಾವ. ಅದು ಕಂಡ್ರ ಮೊದಲ ಆ ಕಡೆ ಎನ್‌ಕ್ಯಾಪ್ಸುಲೇಶನ್ ಏನದ ನೋಡ್ರಿ.

ಖಾನಾಪುರ ಕಾಡು

ಬಿಲ್ ವಿಷಯ ಯಾರೂ ಎತ್ತಲಿಲ್ಲ, ಅದಕ್ಕ ನಾ ಹೇಳ್ತೀನಿ, ಯಾಕಂದ್ರ ಸಂಘದ ರೊಕ್ಕ ಅಂದ್ರ ಸದಸ್ಯರ ರೊಕ್ಕ. ಡಯಲ್ ಲೈನ್ ಮ್ಯಾಲ ಎನ್‌ಕ್ಯಾಪ್ಸುಲೇಶನ್ನಿಗಿಂತ ಹೆಚ್ಚು ಬಿಲ್ ಏರಿಸೂದು ಡಯಲರ್ ಲಿಸ್ಟ್, ಅಂದ್ರ ಯಾವ ಪ್ಯಾಕೆಟ್ಟಿಗೆ ಕಾಲ್ ಹಚ್ಚಬೇಕು ಅನ್ನೋ ಪಟ್ಟಿ. ಅದರಾಗ ಐಪಿ ಪರ್ಮಿಟ್ ಅಂತ ಒಂದ ಸಾಲು ಬರದು ಬಿಟ್ರ ಯಾವ ಪ್ಯಾಕೆಟ್ ಬಂದ್ರೂ ಕಾಲ್ ಹೋಗ್ತೈತಿ. ರೌಟರ್ ಒಂದಕ್ಕೊಂದು ದಾರಿ ತಿಳಸೋ ರೂಟಿಂಗ್ ಪ್ರೋಟೋಕಾಲ್‌ದಾಗ ಓಎಸ್‌ಪಿಎಫ್ ಹೆಲೋ 10 ಸೆಕೆಂಡಿಗೊಮ್ಮೆ, ಆರ್‌ಐಪಿ 30 ಸೆಕೆಂಡಿಗೊಮ್ಮೆ ಹೋಗ್ತಾವ, ಲೈನ್ ಸುಮ್ನಿದ್ರ ಕಾಲ್ ಇಡೋ ಐಡಲ್ ಟೈಮರ್ 120 ಸೆಕೆಂಡ್ ಡೀಫಾಲ್ಟ್, ಅಂದ್ರ ಅದು ಎಂದೂ ಸೊನ್ನಿಗೆ ಬರೂದಿಲ್ಲ, ಲೈನ್ ರಾತ್ರಿ ಹಗಲ ಎದ್ದ ಇರ್ತೈತಿ. ವಿಂಡೋಸ್ ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕಾಕ ಕಳಸೋ ನೆಟ್‌ಬಯೋಸ್ ಪ್ಯಾಕೆಟ್ಟೂ ಹಂಗ. ಡಯಲರ್ ಲಿಸ್ಟಿಗೆ ಎಸಿಎಲ್ (ಪ್ಯಾಕೆಟ್ ಸೋಸೋ ಪಟ್ಟಿ) ಹಚ್ಚಿ ನಿಮ್ಮ ಬ್ಯಾಂಕಿಂಗ್ ಸರ್ವರಿನ ಪೋರ್ಟ್ ಅಷ್ಟ ಇಂಟರೆಸ್ಟಿಂಗ್, ಅಂದ್ರ ಕಾಲ್ ಹಚ್ಚಿಸೂವು, ಅಂತ ಮಾಡ್ರಿ. ರೂಟಿಂಗ್ ಪ್ರೋಟೋಕಾಲ್ ಬಿಆರ್‌ಐ ಮ್ಯಾಲ ಬ್ಯಾಡ, 200 ಡಿಸ್ಟನ್ಸ್ ಇಟ್ಟು ಸ್ಟ್ಯಾಟಿಕ್ ರೂಟ್ (ದಾರಿ) ಕೈಲೆ ಬರೀರಿ, ಲೀಸ್ಡ್ ಲೈನ್ ರೂಟ್ ಹೋದ್ರ ಅಷ್ಟ ಅದು ಮುಂದ ಬರ್ತೈತಿ.

ಮತ್ತ ಕಾಲ್ ಶಾಖಾ ಕಡಿಂದ ಅಷ್ಟ ಹೋಗ್ಲಿ. ಹೆಡ್ ಆಫೀಸ್‌ದಾಗ ಡಯಲ್ ನಂಬರ್ ಬರೀಬ್ಯಾಡ್ರಿ, ಎತ್ತೂದು ಅಷ್ಟ ಇರ್ಲಿ. ಎರಡೂ ಕಡೆ ಬರದ್ರ ಒಮ್ಮೆಗೇ ಇದು ಅದಕ್ಕ, ಅದು ಇದಕ್ಕ ಕಾಲ್ ಹಚ್ಚಿ ಚಾನೆಲ್ ಸುಮ್ನ ತುಂಬ್ತಾವ.

ಸಿಂದಗಿ ಹುಡುಗ

ಪಿಪಿಪಿದಾಗ ಎಲ್‌ಸಿಪಿ ಎಕೋ ಅಂತ ಕೀಪ್‌ಅಲೈವ್ ಹೋಗ್ತದಲ್ಲ ಸರ್, ಅದರಿಂದ ಲೈನ್ ಎದ್ದೇ ಉಳಿಯೂದಿಲ್ಲೇನು?

ಖಾನಾಪುರ ಕಾಡು

ಇಲ್ಲ ತಮ್ಮಾ. ಅದು ಲಿಂಕಿನ ಒಳಗಿನ ಮಾತು, ಡಯಲರ್ ಲಿಸ್ಟ್ ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಲಿಂಕ್ ಎದ್ದ ಮ್ಯಾಲ ಬ್ಯಾರೆ ಪ್ಯಾಕೆಟ್ಟೂ ಅದರಾಗ ಹೋಗ್ತಾವ, ಆದ್ರ ಐಡಲ್ ಟೈಮರ್ ಮತ್ತ ಶುರು ಮಾಡೂವು ಲಿಸ್ಟ್‌ದಾಗ ಇಂಟರೆಸ್ಟಿಂಗ್ ಅಂತ ಇದ್ದಾವು ಅಷ್ಟ.

ಆಲಮಟ್ಟಿ ಹಿನ್ನೀರು

ನಡುವ ಬಂದೆ, ತಪ್ಪು ತಿಳೀಬ್ಯಾಡ್ರಿ. ಈಗ ಎಲ್ಲಾ ಕಡೆ ಬ್ರಾಡ್‌ಬ್ಯಾಂಡ್, ಫೈಬರ್ ಬರಾಕತ್ತೈತಿ, ಐಎಸ್‌ಡಿಎನ್‌ಗೆ ಇಷ್ಟು ತಲಿ ಖರ್ಚು ಮಾಡೂದು ಯಾಕ್ರಿ?

ಇಳಕಲ್ ಸೆರಗು

ಲೈನ್ ತಗೊಂಡಾರ, ರೌಟರ್ ಕೈಯಾಗ ಐತಿ, ಸಂಜಿಕ ಮಂದಿ ನಿಂತಿರ್ತಾರ. ಬ್ಯಾರೆದ್ದು ಬಂದಾಗ ಬರ್ಲಿ. ಮತ್ತ ಕಲ್ತದ್ದು ಎಲ್ಲೂ ಹೋಗೂದಿಲ್ಲ, ಬ್ರಾಡ್‌ಬ್ಯಾಂಡ್ ಮೋಡೆಮ್‌ದಾಗ ಪಿಪಿಪಿಓಇ ಅಂತ ಯೂಸರ್‌ನೇಮ್ ಪಾಸ್‌ವರ್ಡ್ ಹಾಕ್ತೀರಲ್ಲ, ಅದೂ ಇದೇ ಪಿಪಿಪಿ, ಈಥರ್ನೆಟ್ ಮ್ಯಾಲ ಕೂಡಿಸ್ಯಾರ ಅಷ್ಟ. ಎಲ್‌ಸಿಪಿ, ಚಾಪ್, ಐಪಿಸಿಪಿ ಎಲ್ಲಾ ಅಲ್ಲೂ ಹಂಗ ನಡೀತಾವ.

ನವನಗರದಾಂವ, ಬಾಗಲಕೋಟಿ

ವರದಿ ಒಪ್ಪಿಸಾಕ ಬಂದೀನಿ. ಎರಡನೇ ಬಿಆರ್‌ಐಗೆ ಅರ್ಜಿ ಕೊಟ್ಟೀವಿ. ಪಿಪಿಪಿ, ಚಾಪ್ ಹಾಕಿ ಜಮಖಂಡಿ, ಇಳಕಲ್ಲ ಎರಡೂ ಕಡೆ ಸೀರಿಯಲ್ ಕೇಬಲ್ ಕಿತ್ತು ನೋಡಿದ್ವಿ, ಬ್ಯಾಕಪ್ ತಾನ ಎದ್ದು ಎಂಟ್ರಿ ಹೋದುವು, ಕೇಬಲ್ ಮತ್ತ ಹಚ್ಚಿದ್ಮ್ಯಾಲ ತಾನ ಇಳೀತು. ಮುಧೋಳ ಅಷ್ಟ ಬರವಲ್ದು. ಎಲ್‌ಸಿಪಿ ಓಪನ್ ಆಗ್ತೈತಿ, ಚಾಪ್‌ದಾಗ ಬಂದು ಕಾಲ್ ಬೀಳ್ತೈತಿ. ಹೆಡ್ ಆಫೀಸ್ ಡೀಬಗ್‌ದಾಗ ಯೂಸರ್‌ನೇಮ್ ನಾಟ್ ಫೌಂಡ್ ಅಂತ ಬರಾಕತ್ತೈತಿ. ಪಾಸ್‌ವರ್ಡ್ ಎರಡೂ ಕಡೆ ಒಂದ ಐತಿ, ಮತ್ತ ಮತ್ತ ನೋಡೀನಿ.

ಗೋಳಗುಮ್ಮಟ, ವಿಜಯಪುರ

ಹಂಗಿದ್ರ ಪಾಸ್‌ವರ್ಡ್ ತಂಟೆ ಅಲ್ಲ, ಹೆಸರಿಂದು. ಪಾಸ್‌ವರ್ಡ್ ಬ್ಯಾರೆ ಇದ್ದಿದ್ರ ಕಂಪೇರ್ ಫೇಲ್ಡ್ ಅಂತ ಬರ್ತಿತ್ತು. ಸಿಸ್ಕೋ ತನ್ನ ಹೋಸ್ಟ್‌ನೇಮನ್ನೇ ಚಾಪ್ ಹೆಸರು ಅಂತ ಕಳಸ್ತದ, ಬ್ಯಾರೆ ಕಂಪನಿ ರೌಟರ್‌ದಾಗ ಅದಕ್ಕ ಬ್ಯಾರೆ ಜಾಗಾ ಇರ್ತದ, ಏನೂ ಬರೀದಿದ್ರ ಫ್ಯಾಕ್ಟರಿಯಿಂದ ಬಂದ ಹೆಸರು ಹೋಗ್ತದ. ಡೀಬಗ್‌ದಾಗ ಯಾವ ಹೆಸರು ಬಂದದ ನೋಡಿ ಹೆಡ್ ಆಫೀಸ್‌ದಾಗ ಅದೇ ಹೆಸರಿಲೆ ಯೂಸರ್‌ನೇಮ್ ಬರೀರಿ, ಇಲ್ಲಾ ಮುಧೋಳದಾಗ ಹೆಸರು ಬದಲಿಸ್ರಿ. ದೊಡ್ಡಕ್ಷರ ಸಣ್ಣಕ್ಷರ ಎರಡೂ ಕಡೆ ಒಂದೇ ಇಡ್ರಿ. ಮತ್ತ ಯೂಸರ್‌ನೇಮ್ ಮುಂದ ಪಾಸ್‌ವರ್ಡ್ ಅಂತ ಬರೀರಿ, ಸೀಕ್ರೆಟ್ ಅಂತ ಬರದ್ರ ಚಾಪ್ ನಡಿಯೂದಿಲ್ಲ, ಯಾಕಂದ್ರ ಲೆಕ್ಕ ಮಾಡ್ಲಿಕ್ಕ ರೌಟರಿಗೆ ಮೂಲ ಪಾಸ್‌ವರ್ಡೇ ಬೇಕು, ಸೀಕ್ರೆಟ್‌ದಾಗ ಅದರಿಂದ ಲೆಕ್ಕ ಮಾಡಿದ ಹ್ಯಾಶ್ ಅಷ್ಟೇ ಉಳದಿರ್ತದ. ಅದಕ್ಕಂತೇ ರೌಟರ್ ಕಾನ್ಫಿಗ್ ಫೈಲ್ ಯಾರ ಕೈಗೂ ಸಿಗದಂಗ ಇಡ್ರಿ. ಚಾಪ್ ಬಂದಾಂವ ಯಾರು ಅಂತ ಅಷ್ಟೇ ನೋಡ್ತದ, ಒಳಗ ಹೋಗೋ ಡೇಟಾ ಮುಚ್ಚೂದಿಲ್ಲ, ಅದಕ್ಕ ಐಪಿಸೆಕ್ ಬ್ಯಾರೆ ಬೇಕು.

ನವನಗರದಾಂವ, ಬಾಗಲಕೋಟಿ

ಸರ್, ಬಂತ್ರಿ! ಡೀಬಗ್‌ದಾಗ ಮಾಡೆಲ್ ನಂಬರ್ ಹೆಸರಾಗಿ ಬಂದಿತ್ತು. ಮುಧೋಳದಾಗ ಬದಲಿ ಮಾಡಿದ್ವಿ, ಕೂಡ್ತು, ಪಿಂಗ್ ಹೊಂಟೈತಿ. ಮುಧೋಳದ ಹುಡುಗ್ರು ಫೋನ್‌ದಾಗ ಕೇಕೆ ಹಾಕಾಕತ್ತಾರ. ಎಲ್ಲಾರಿಗೂ ಶರಣ್ರಿ.

ಸಿಂದಗಿ ಹುಡುಗ

ಸರ್, ಇದನ್ನೆಲ್ಲಾ ಕಾಲೇಜ್ ಲ್ಯಾಬ್‌ದಾಗ ಮಾಡಿ ನೋಡಬೇಕು ಅನ್ನಿಸ್ಲಿಕತ್ತದ. ಐಎಸ್‌ಡಿಎನ್ ಲೈನ್ ಇಲ್ಲ, ಬಿಆರ್‌ಐ ಇರೋ ಎರಡು ಹಳೇ ರೌಟರ್ ಅವ. ಎರಡರ ಬಿಆರ್‌ಐ ಪೋರ್ಟ್ ಕೇಬಲ್ಲಿಲೆ ಕೂಡಿಸಿದ್ರ ನಡೀತದೇನು?

ಗೋಳಗುಮ್ಮಟ, ವಿಜಯಪುರ

ನಡಿಯೂದಿಲ್ಲ. ಆ ಪೋರ್ಟ್ ಎರಡೂ ಗ್ರಾಹಕರ ಕಡೆ ಪೋರ್ಟ್, ನಡುವ ಎಕ್ಸ್‌ಚೇಂಜ್ ಕೆಲಸ ಮಾಡ್ಲಿಕ್ಕ ಒಂದು ಬೇಕೇ ಬೇಕು, ಅದಕ್ಕ ಐಎಸ್‌ಡಿಎನ್ ಸಿಮ್ಯುಲೇಟರ್ ಡಬ್ಬಿ ಬರ್ತದ. ಅದು ಸಿಗಲಿಲ್ಲಂದ್ರ ಎರಡೂ ರೌಟರಿನ ಸೀರಿಯಲ್ ಪೋರ್ಟ್ ಡಿಟಿಇ ಡಿಸಿಇ ಕೇಬಲ್ಲಿಲೆ ಕೂಡಿಸು, ಡಿಸಿಇ ಕಡೆ, ಅಂದ್ರ ಲೈನಿನ ವೇಗದ ತಾಳ ಕೊಡೋ ಕಡೆ, ಕ್ಲಾಕ್ ರೇಟ್ 64000 ಕೊಡು. ಡಯಲಿಂಗ್ ಕಲೀಲಿಕ್ಕ ಬರೂದಿಲ್ಲ, ಆದ್ರ ಎಲ್‌ಸಿಪಿ, ಪ್ಯಾಪ್, ಚಾಪ್, ಐಪಿಸಿಪಿ ಎಲ್ಲಾ ಅಲ್ಲೇ ನೋಡಬಹುದು. ಮೊದಲ ಒಂದು ಕಡೆ ಎಚ್‌ಡಿಎಲ್‌ಸಿ ಇನ್ನೊಂದು ಕಡೆ ಪಿಪಿಪಿ ಇಟ್ಟು ಡೀಬಗ್ ಏನು ಬರ್ತದ ಬರಕೋ, ಆಮ್ಯಾಲ ಹೆಸರು ತಪ್ಪಿಸಿ ನೋಡು, ಆಮ್ಯಾಲ ಪಾಸ್‌ವರ್ಡ್ ತಪ್ಪಿಸಿ ನೋಡು. ಮೂರರ ಡೀಬಗ್ಗೂ ಇಲ್ಲೇ ತಂದು ಹಾಕು, ಕೂತು ಓದೋಣು.